ಹಿಂದಿನ ಸೀಟಿನ ಕಂಡಕ್ಟರ್

ಅಮೆರಿಕಕ್ಕೆ ಹೋಗಿ ಬಂದವರೆಲ್ಲ ಅಲ್ಲಿನ ರಸ್ತೆಗಳನ್ನು ಹೊಗಳುತ್ತಾರೆ. ಹೊಟ್ಟೆಯೊಳಗಿನ ನೀರೂ ಅಲುಗುವುದಿಲ್ಲ ಎನ್ನುತ್ತಾರೆ. ಅವರೆಲ್ಲ ಯಾರ ಪಕ್ಕ ಕೂತು ಹೋಗಿದ್ದರೋ ನನಗೆ ತಿಳಿಯದು. ನಾನು ಹೋದದ್ದು ನನ್ನ ಅಕ್ಕನ ಮಗಳು ಸ್ಮಿತಾಳ ಪಕ್ಕ. ಷಿಕಾಗೊ ಪಕ್ಕದ ಲೊಂಬಾರ್ಡಿನಿಂದ ಡೆಟ್ರಾಯ್ಟ್ ಪಕ್ಕದ ಫಾರ್ಮಿಂಗ್ಟನ್ ಹಿಲ್ಸ್‌ವರೆಗೆ. ಹೊಟ್ಟೆಯ ನೀರಿನ ಮಾತು ಹಾಗಿರಲಿ, ನನ್ನ ಜೀವವೇ ಎಷ್ಟು ಸಲ ಬಾಯಿಗೆ ಬಂದು ಹೋಯಿತೋ ಲೆಕ್ಕವಿಲ್ಲ.

ನನ್ನ ಕೆಲಸ ಏನಾಗಿತ್ತು ಎಂದು ಹೇಳಿಬಿಟ್ಟರೆ ಮುಂದಿನದು ಅರ್ಥವಾಗುತ್ತದೆ. ತಿಪಟೂರು, ಅರಸೀಕೆರೆ ಕಡೆಯ ಕೆಂಪು ಬಸ್ಸುಗಳಲ್ಲಿ ಇಪ್ಪತ್ತು ಚಿಲ್ಲರೆ ವರ್ಷ ಕಂಡಕ್ಟರ್ ಆಗಿದ್ದವಳು ನಾನು. ಸ್ಟೀರಿಂಗ್ ಮುಟ್ಟಿದವಳಲ್ಲ. ಆದರೆ ಸ್ಟೀರಿಂಗ್ ಹಿಡಿದವರ ಕತ್ತನ್ನು ನನ್ನಷ್ಟು ನೋಡಿದವರು ಕಡಿಮೆ. ಬಸ್ಸಿನಲ್ಲಿ ನಿಂತಾಗ ಡ್ರೈವರನ ಮುಖ ಕಾಣುವುದಿಲ್ಲ, ಕತ್ತು ಕಾಣುತ್ತದೆ. ಮನೆಯಲ್ಲಿ ಜಗಳವಾಡಿ ಬಂದವನ ಕತ್ತು ಬೇರೆ, ನಿದ್ದೆಗೆಟ್ಟವನ ಕತ್ತು ಬೇರೆ. ನಿವೃತ್ತಿಯಾದ ಮೇಲೆ ಟಿಕೆಟ್ ಯಂತ್ರವನ್ನು ಡಿಪೋಗೆ ಒಪ್ಪಿಸಿದೆ, ವಿಷಲ್ ಮಾತ್ರ ಮನೆಗೆ ತಂದೆ. ಅಕ್ಕನಿಗೆ ಮೊಣಕಾಲು ನೋವು, ವಿಮಾನ ಆಗಿಬರದು. ಅವಳ ಬದಲಿಗೆ ನಾನು ಅಮೆರಿಕಕ್ಕೆ ಹೊರಟಾಗ ಮಕ್ಕಳು ಆಡಿಕೊಳ್ಳಲಿ ಎಂದು ಆ ವಿಷಲ್ಲನ್ನೂ ಬ್ಯಾಗಿಗೆ ಹಾಕಿಕೊಂಡೆ.

ಷಿಕಾಗೊ, ಅಕ್ವೇರಿಯಂ

ಮೊದಲ ಭಾನುವಾರ ಎಲ್ಲರೂ ಷಿಕಾಗೊ ನಗರದೊಳಗೆ ಹೋದೆವು. ಸ್ಮಿತಾಳ ಗಂಡ ಪ್ರದೀಪ ಓಡಿಸಿದ. ಸ್ಮಿತಾ ಪಕ್ಕದಲ್ಲಿ, ನಾನು ಹಿಂದೆ, ಎರಡು ಹೆಣ್ಣುಮಕ್ಕಳ ಮಧ್ಯೆ. ದೊಡ್ಡವಳು ಇಶಾ, ಮಿಡ್ಲ್ ಸ್ಕೂಲಿಗೆ ಹೋಗುವ ಹುಡುಗಿ. ಚಿಕ್ಕವಳು ತನ್ವಿ, ಇನ್ನೂ ಹಾಲುಹಲ್ಲು ಬೀಳುತ್ತಿರುವ ವಯಸ್ಸು. ಇಬ್ಬರಿಗೂ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತದೆ.

ಸಮುದ್ರದಂಥ ಸರೋವರದ ದಂಡೆಯಲ್ಲಿ ದೇವಸ್ಥಾನದಂಥ ಕಟ್ಟಡ. ಅದರೊಳಗೆ ಬರೀ ಮೀನು. ಜನ ಸಾಲಿನಲ್ಲಿ ನಿಂತು, ಮುಂದಿನವರಿಗೆ ಒಂದು ಮಾರು ಜಾಗ ಬಿಟ್ಟು, ಮೀನು ನೋಡುತ್ತಾರೆ. ನಮ್ಮ ಕಡೆ ಅಷ್ಟು ಜಾಗ ಬಿಟ್ಟರೆ ಮೂರು ಜನ ನುಗ್ಗಿ ನಿಂತಿರುತ್ತಾರೆ. ನಾನು ಅಭ್ಯಾಸಬಲದಿಂದ ಇಬ್ಬರ ಕಾಲು ತುಳಿದೆ, ಅವರೇ ನನಗೆ ಸಾರಿ ಹೇಳಿದರು.

ಬಿಳಿ ತಿಮಿಂಗಿಲದ ಕೊಳದ ಮುಂದೆ ಸ್ಮಿತಾ ನನ್ನ ಪಕ್ಕ ನಿಂತು ಮೆಲ್ಲಗೆ ವಿಷಯ ತೆಗೆದಳು. ಡೆಟ್ರಾಯ್ಟ್ ಕಡೆ ರಾಚೆಸ್ಟರ್ ಹಿಲ್ಸ್ ಎಂಬ ಊರಿನಲ್ಲಿ ಕಾರಿನ ಸೀಟುಗಳನ್ನು ಮಾಡುವ ಒಂದು ಕಂಪನಿ ಅವಳನ್ನು ಕೆಲಸಕ್ಕೆ ಕರೆದಿದೆ. ಓದಿದ್ದು ಮೆಕ್ಯಾನಿಕಲ್ ಇಂಜಿನಿಯರಿಂಗ್. ಮಕ್ಕಳಾದ ಮೇಲೆ ಬಿಟ್ಟ ಕೆಲಸ ಮತ್ತೆ ಕೈಗೆ ಬಂದಿದೆ. ಪ್ರದೀಪ ಎಲ್ಲಿಂದಲಾದರೂ ಕೆಲಸ ಮಾಡಬಲ್ಲ, ಮನೆ ಬದಲಾಯಿಸಲು ತಕರಾರಿಲ್ಲ. ಮುಂದಿನ ಸೋಮವಾರ ಅಲ್ಲಿಗೆ ಹೋಗಿ ಹೌದು ಅಥವಾ ಇಲ್ಲ ಎಂದು ಹೇಳಬೇಕು.

"ಮತ್ತೆ ಹೌದು ಅನ್ನು," ಎಂದೆ.

"ಅಲ್ಲಿ ಬಸ್ಸಿಲ್ಲ, ಟ್ರೈನಿಲ್ಲ ಚಿಕ್ಕಮ್ಮ. ದಿನಾ ಫ್ರೀವೇನಲ್ಲಿ ನಾನೇ ಡ್ರೈವ್ ಮಾಡ್ಬೇಕು."

ವಿಷಯ ಅದು. ಹಿಂದಿನ ಚಳಿಗಾಲದಲ್ಲಿ, ಫ್ರೀವೇಗೆ ಸೇರುವ ತಿರುವಿನಲ್ಲಿ, ಮಂಜುಗಡ್ಡೆಯ ಮೇಲೆ ಸ್ಮಿತಾಳ ಕಾರು ಬುಗುರಿಯ ಹಾಗೆ ತಿರುಗಿ ಎದುರು ಬರುವ ಗಾಡಿಗಳಿಗೆ ಮುಖಮಾಡಿ ನಿಂತಿತ್ತು. ಹಿಂದಿನ ಸೀಟಿನಲ್ಲಿ ತನ್ವಿ ಇದ್ದಳು. ಯಾರಿಗೂ ಒಂದು ಗೀರು ಬಿದ್ದಿರಲಿಲ್ಲ. ಆದರೆ ಅಂದಿನಿಂದ ಸ್ಮಿತಾ ದಿನಸಿ ಅಂಗಡಿ ಮತ್ತು ಶಾಲೆಯ ಒಳರಸ್ತೆ ಬಿಟ್ಟು ಬೇರೆಲ್ಲೂ ಗಾಡಿ ಓಡಿಸಿರಲಿಲ್ಲ. ಎಲ್ಲ ಕಡೆಗೂ ಪ್ರದೀಪನೇ. "ನಾನಿದೀನಲ್ಲ, ನೀನ್ಯಾಕೆ ಟೆನ್ಷನ್ ತಗೋತೀಯ" ಎನ್ನುತ್ತಾನೆ. ಒಳ್ಳೆಯ ಹುಡುಗ. ಅಕ್ವೇರಿಯಂನಲ್ಲೂ ಎಲ್ಲರ ಜಾಕೆಟ್ಟು, ಬ್ಯಾಗು, ನೀರಿನ ಬಾಟಲಿ ಹೊತ್ತು ನಮ್ಮ ಹಿಂದೆಯೇ ಬರುತ್ತಿದ್ದ. ಅಷ್ಟು ಒಳ್ಳೆಯವನು ಪಕ್ಕದಲ್ಲಿದ್ದರೆ ಹೆದರಿಕೆಗೆ ಹೋಗಲು ಮನಸ್ಸೇ ಬರುವುದಿಲ್ಲ.

ಶನಿವಾರ ಎಲ್ಲರೂ ಡೆಟ್ರಾಯ್ಟಿಗೆ ಹೋಗುವುದು, ಸೋಮವಾರ ಶಾಲೆಗೆ ರಜೆ, ಮಕ್ಕಳಿಗೆ ದಾರಿಯಲ್ಲಿ ಮರಳುದಿಬ್ಬ, ಅಲ್ಲಿ ಮೃಗಾಲಯ ತೋರಿಸುವುದು ಎಂದಾಯಿತು. ಶುಕ್ರವಾರ ಪ್ರದೀಪನ ಆಫೀಸಿನಲ್ಲಿ ಏನೋ ಕೈಕೊಟ್ಟಿತು. ಶನಿವಾರ, ಭಾನುವಾರವೂ ಅವನು ಕಂಪ್ಯೂಟರಿನ ಮುಂದಿನಿಂದ ಕದಲುವ ಹಾಗಿಲ್ಲ.

"ಟ್ರಿಪ್ ಕ್ಯಾನ್ಸಲ್ ಮಾಡೋಣ. ಅವರಿಗೆ ಫೋನಲ್ಲೇ ಹೇಳ್ಬಿಡು," ಎಂದ.

ಸ್ಮಿತಾ ತಟ್ಟೆ ತೊಳೆಯುತ್ತಿದ್ದವಳು ತಿರುಗದೆಯೇ ಹೇಳಿದಳು. "ನಾನು ಡ್ರೈವ್ ಮಾಡ್ತೀನಿ. ಹೋಗಕ್ಕಾದ್ರೆ ಆ ಕೆಲಸಕ್ಕೆ ಸೇರ್ತೀನಿ. ಇಲ್ಲಾಂದ್ರೆ ಇನ್ಯಾವತ್ತೂ ಕೇಳಲ್ಲ."

ನಾನು ನಡುವೆ ಬಾಯಿ ಹಾಕಿದೆ. "ನಾನು ಪಕ್ಕದಲ್ಲಿ ಕೂತ್ಕೋತೀನಿ ಪ್ರದೀಪಪ್ಪ. ಎಂಥೆಂಥ ಡ್ರೈವರ್‌ಗಳನ್ನ ದಡ ಸೇರಿಸಿದೀನಿ."

ಈ ಒಂದು ಮಾತಿನ ಜಂಬಕ್ಕೆ ನಾನು ಮುಂದೆ ಪಟ್ಟ ಪಾಡು ಕೇಳಿ.

ಲಾರಿಗಳ ದಾರಿ

ಶನಿವಾರ ಬೆಳಿಗ್ಗೆ ಹೊರಡುವಾಗ ಸ್ಮಿತಾ ಸ್ಟೀರಿಂಗ್ ಹಿಡಿದು ಕೂತೇ ಇದ್ದಳು. ಎಂಜಿನ್ ಓಡುತ್ತಿದೆ, ಗಾಡಿ ಹೊರಡುತ್ತಿಲ್ಲ. ಪ್ರದೀಪ ಕಿಟಕಿಯ ಪಕ್ಕ ನಿಂತು ಟೈರಿನ ಗಾಳಿಯ ವಿಷಯ ಇನ್ನೊಮ್ಮೆ ಹೇಳಿದ. ನಾನು ಬ್ಯಾಗಿನಿಂದ ವಿಷಲ್ ತೆಗೆದು ಎರಡು ಸಲ ಊದಿದೆ. ನಮ್ಮ ಕಡೆ ಒಂದು ಊದಿದರೆ ನಿಲ್ಲು, ಎರಡು ಊದಿದರೆ ಹೊರಡು. ತಿಪಟೂರಿನಲ್ಲಿ ಬೆಳೆದ ಹುಡುಗಿ, ಅವಳ ಕಾಲಿಗೇ ಅದು ಅರ್ಥವಾಯಿತು. ಗಾಡಿ ಮುಂದೆ ಹೋಯಿತು. ಮಕ್ಕಳು ಹಿಂದೆ ನಕ್ಕರು. ಆಮೇಲೆ ಪ್ರತಿ ಸಿಗ್ನಲ್ಲಿನಲ್ಲೂ ಸ್ಮಿತಾ ನನ್ನ ಕಡೆ ನೋಡುವಳು. ನಾನು ವಿಷಲ್ ಊದುವುದು ಅಥವಾ "ಹೂಂ, ಹೋಗು" ಎನ್ನುವುದು, ಆಮೇಲೆಯೇ ಅವಳು ಹೊರಡುವುದು. ನನಗೆ ಬಹಳ ಸಂತೋಷವಾಗುತ್ತಿತ್ತು, ಸುಳ್ಳೇಕೆ ಹೇಳಲಿ.

ಫೋನಿನೊಳಗೆ ಒಬ್ಬಳು ಹೆಂಗಸಿದ್ದಾಳೆ, ದಾರಿ ಹೇಳುವವಳು. ಅವಳು ನನಗೆ ಸವತಿಯಾದಳು. ಅವಳು ಹೇಳಿದ್ದನ್ನು ಸ್ಮಿತಾ ಕೇಳುತ್ತಾಳೆ, ಆದರೆ ಮಾಡುವುದು ನಾನು ಹೂಂ ಎಂದ ಮೇಲೆ.

ಷಿಕಾಗೊದ ದಕ್ಷಿಣದ ಅಂಚು ದಾಟಿ ಇಂಡಿಯಾನಾ ಸೇರುವಲ್ಲಿ ಲಾರಿಗಳ ಜಾತ್ರೆ. ಒಂದೊಂದೂ ನಮ್ಮ ಎರಡು ಬಸ್ಸಿನಷ್ಟು ಉದ್ದ. ಮುಂದೆ, ಹಿಂದೆ, ಎಡಕ್ಕೆ, ಬಲಕ್ಕೆ, ಎಲ್ಲ ಕಡೆಯೂ ಅವುಗಳ ಚಕ್ರಗಳೇ. ಇಷ್ಟಾದರೂ ಒಂದು ಹಾರನ್ ಇಲ್ಲ. ಹಾರನ್ ಇಲ್ಲದ ಟ್ರಾಫಿಕ್ಕು ಉಸಿರು ಬಿಗಿಹಿಡಿದು ಸಿಟ್ಟಾದವರ ಹಾಗಿರುತ್ತದೆ, ಯಾವಾಗ ಏನಾದೀತೋ ಎಂದು ಹೆದರಿಕೆ. ಸ್ಮಿತಾ ಮಧ್ಯದ ಲೇನಿನಲ್ಲಿ, ಎಲ್ಲರಿಗಿಂತ ನಿಧಾನವಾಗಿ, ಹಲ್ಲು ಕಚ್ಚಿಕೊಂಡು ಹೋಗುತ್ತಿದ್ದಳು. ಬೆರಳ ಗಿಣ್ಣುಗಳು ಬೆಳ್ಳಗಾಗಿದ್ದವು.

ಮರಳುದಿಬ್ಬಕ್ಕೆ ಹೋಗುವ ಎಕ್ಸಿಟ್ ಬಲಗಡೆ ಹತ್ತಿರ ಬಂತು ಎಂದಳು ಸವತಿ. ಬಲದ ಲೇನಿಗೆ ಹೋಗಬೇಕು.

"ಚಿಕ್ಕಮ್ಮ, ನಿನ್ನ ಕಡೆ ನೋಡು. ಬರ್ಲಾ?"

ನನ್ನ ಪಕ್ಕದ ಕನ್ನಡಿಯಲ್ಲಿ ನೋಡಿದೆ. ಹಿಂದೆ, ಬಹಳ ಹಿಂದೆ, ಒಂದು ಲಾರಿ ಬೆಂಕಿಪೊಟ್ಟಣದಷ್ಟು ಕಾಣಿಸಿತು. ನಾನು ನಿಂತು ಬಂದದ್ದು ಬಸ್ಸಿನ ಬಾಗಿಲಿನಲ್ಲಿ. ಬಾಗಿಲ ಕಡೆಗೆ ಬರುವುದು ಸೈಕಲ್ಲು, ಎತ್ತಿನಗಾಡಿ, ಹೆಚ್ಚೆಂದರೆ ತೆಂಗಿನಕಾಯಿ ತುಂಬಿ ಏದುಸಿರು ಬಿಡುವ ಟೆಂಪೊ. ಬಾಗಿಲ ಕಡೆ ದೂರದಲ್ಲಿದೆ ಎಂದರೆ ಬರಲು ಪುರುಸೊತ್ತಿದೆ ಎಂದರ್ಥ. ನನ್ನ ಕಣ್ಣಿಗೆ ಗೊತ್ತಿದ್ದದ್ದು ಅಷ್ಟೇ.

"ದೂರ ಇದೆ. ಬಾ, ಬಾ, ಬಾ," ಎಂದೆ.

ಅವಳು ತಿರುಗಿ ನೋಡಲೂ ಇಲ್ಲ. ನಾನು ಹೇಳಿದೆನಲ್ಲ, ಬಂದಳು.

ಅಮೆರಿಕದಲ್ಲಿ ನಾನು ಕೇಳಿದ ಮೊದಲ ಹಾರನ್ ಅದು. ರೈಲಿನದ್ದೇ ಎನ್ನಬೇಕು, ಅಷ್ಟು ದೊಡ್ಡದು. ನನ್ನ ಕಿಟಕಿಯ ತುಂಬ ಲಾರಿಯ ಹಲ್ಲುಹಲ್ಲಾದ ಮುಖ. ಸ್ಮಿತಾ ಗಾಡಿಯನ್ನು ಎಡಕ್ಕೆ ಎಳೆದಳು. ಗಾಡಿ ಒಮ್ಮೆ ಹೊಯ್ದಾಡಿತು. ತನ್ವಿ ಕಿರುಚಿದಳು. ಲಾರಿ ನಮ್ಮನ್ನು ದಾಟಿ ಹೋಯಿತು, ಅದರ ಗಾಳಿಗೆ ಬಾಗಿಲು ಅದುರಿತು. ಎಕ್ಸಿಟ್ಟೂ ದಾಟಿ ಹೋಯಿತು.

ಮುಂದಿನ ಎಕ್ಸಿಟ್ಟಿನಲ್ಲಿ ಹೇಗೋ ಇಳಿದು, ಒಂದು ಪೆಟ್ರೋಲ್ ಬಂಕಿನ ಮೂಲೆಯಲ್ಲಿ ಗಾಡಿ ನಿಲ್ಲಿಸಿ, ಸ್ಮಿತಾ ಎರಡೂ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಳು. ನನ್ನ ಎದೆಯಲ್ಲಿ ಅವಲಕ್ಕಿ ಕುಟ್ಟುತ್ತಿತ್ತು. ಇಶಾ ಹಿಂದಿನಿಂದ ಬಗ್ಗಿ ನನ್ನ ಕನ್ನಡಿಯನ್ನು ತೋರಿಸಿದಳು. ಅದರ ಕೆಳಗೆ ಸಣ್ಣ ಅಕ್ಷರಗಳಿದ್ದವು. ಕನ್ನಡಿಯಲ್ಲಿ ಕಾಣುವುದಕ್ಕಿಂತ ಗಾಡಿಗಳು ಹತ್ತಿರ ಇರುತ್ತವೆ ಎಂದು ಬರೆದಿದೆಯಂತೆ.

"ಇಟ್ ಸೇಸ್ ರೈಟ್ ಹಿಯರ್, ಅಜ್ಜಿ," ಎಂದಳು. ಬೈಯುವ ದನಿಯಲ್ಲ. ಆದರೂ ನಾಲ್ಕು ಬೈಗುಳ ತಿಂದ ಹಾಗಾಯಿತು.

ಮರಳುದಿಬ್ಬ

ಒಳರಸ್ತೆಯಲ್ಲಿ ತೆವಳಿಕೊಂಡು ಮರಳುದಿಬ್ಬ ತಲುಪಿದೆವು. ಇಂಡಿಯಾನಾದ ಈ ದಂಡೆಯಲ್ಲಿ ಮರಳು ಬೆಟ್ಟದ ಹಾಗೆ ಎದ್ದು ನಿಂತಿದೆ. ಅಪ್ಪಂದಿರು ಮಕ್ಕಳನ್ನು ಕುತ್ತಿಗೆಯವರೆಗೆ ಮರಳಿನಲ್ಲಿ ಹೂತು ಫೋಟೊ ತೆಗೆಯುತ್ತಾರೆ, ಮಕ್ಕಳು ಖುಷಿಯಾಗಿ ಹೂಳಿಸಿಕೊಳ್ಳುತ್ತಾರೆ. ಇಶಾ ಮತ್ತು ತನ್ವಿ ದಿಬ್ಬ ಹತ್ತುವುದು, ಕಿರುಚುತ್ತ ಓಡಿ ಇಳಿಯುವುದು. ಮಕ್ಕಳಿಗೆ ಭಯ ಬಂದಷ್ಟೇ ಬೇಗ ಹೋಗುತ್ತದೆ.

ಅಕ್ಟೋಬರಿನ ಬಿಸಿಲು ತಿಳಿಯಾಗಿತ್ತು. ನೀರಿನ ಆಚೆಗೆ ಷಿಕಾಗೊದ ಕಟ್ಟಡಗಳು ಊದುಬತ್ತಿ ಚುಚ್ಚಿದ ಹಾಗೆ ಸಣ್ಣಗೆ ಕಾಣುತ್ತಿದ್ದವು. ಅಷ್ಟು ಹೊತ್ತು ಜೀವ ಹಿಡಿದು ಬಂದರೂ ಊರು ಇನ್ನೂ ಕಣ್ಣಿಗೆ ಕಾಣುತ್ತಲೇ ಇತ್ತು. ಇನ್ನು ಮಿಶಿಗನ್ ಪೂರ್ತಿ ಉಳಿದಿದೆ.

ಪ್ರದೀಪನ ಫೋನ್ ಬಂತು. ಸ್ಮಿತಾ ಸ್ಪೀಕರ್ ಹಾಕಿ ನಡೆದದ್ದನ್ನು ಮುಚ್ಚುಮರೆ ಇಲ್ಲದೆ ಹೇಳಿದಳು.

"ಅಲ್ಲೇ ಇರಿ. ಆ ಕಡೆಗೆ ಟ್ರೈನ್ ಇದೆ, ನಾನು ಹತ್ತಿ ಬರ್ತೀನಿ. ವಾಪಸ್ ಬಂದ್ಬಿಡೋಣ. ಆಫೀಸ್ ಹಾಳಾಗ್ಲಿ. ಪ್ಲೀಸ್ ಸ್ಮಿತಾ."

ಬರಲಿ ಎಂದು ನನ್ನ ಮನಸ್ಸು ಕೂಗುತ್ತಿತ್ತು. ಮಕ್ಕಳಿಗೆ ಏನಾದರೂ ಆದರೆ ಅಕ್ಕನಿಗೆ ಯಾವ ಮುಖ ತೋರಿಸಲಿ. ಸ್ಮಿತಾ ಆ ಊದುಬತ್ತಿ ಊರನ್ನೇ ನೋಡುತ್ತ ಕೂತಿದ್ದಳು.

"ಹತ್ತು ನಿಮಿಷ ಬಿಟ್ಟು ಮಾಡ್ತೀನಿ," ಎಂದು ಫೋನ್ ಇಟ್ಟಳು.

"ತಪ್ಪು ನಂದೇ ಕಣೆ," ಎಂದೆ. "ನನಗೆ ಈ ಊರಿನ ದೂರ ಗೊತ್ತಿಲ್ಲ. ಗೊತ್ತಿರೋಳ ಥರ ಹೇಳ್ಬಿಟ್ಟೆ."

"ನಿಂದಲ್ಲ ಚಿಕ್ಕಮ್ಮ. ನೀನು ಬಾ ಅಂದೆ, ನಾನು ಕತ್ತು ತಿರುಗಿಸಿ ನೋಡ್ಲೇ ಇಲ್ಲ. ಆಕ್ಸಿಡೆಂಟ್ ಆದ್ಮೇಲೆ ನಾನು ನೋಡೋದೇ ಬಿಟ್ಟಿದೀನಿ. ಪ್ರದೀಪ್ ನೋಡ್ತಾನೆ, ಇಲ್ಲ ನೀನು ನೋಡ್ತೀಯ."

ತನ್ವಿ ಓಡಿಬಂದು ನನ್ನ ಮಡಿಲಿಗೆ ಒಂದು ಹಿಡಿ ಮರಳು ಸುರಿದು ಹೋದಳು.

"ನೀನು ಹಿಂದೆ ಕೂತ್ಕೋ," ಎಂದಳು ಸ್ಮಿತಾ. "ಬೇಜಾರ್ ಮಾಡ್ಕೋಬೇಡ. ನನಗೆ ಏನೂ ಹೇಳ್ಬೇಡ. ಹೂಂ ಅಂತಾನೂ ಅನ್ಬೇಡ."

ಬೇಜಾರಾಯಿತು. ಅಷ್ಟು ವರ್ಷದಲ್ಲಿ ಯಾವ ಡ್ರೈವರೂ ನನಗೆ ಹಿಂದೆ ಹೋಗಿ ಕೂತ್ಕೋ ಎಂದಿರಲಿಲ್ಲ. ಆದರೆ ಅವಳು ಪ್ರದೀಪನಿಗೆ ಫೋನ್ ಮಾಡಿ "ಬರ್ಬೇಡ, ನಾವು ಹೊರಟ್ವಿ" ಎಂದಾಗ, ಬೇಜಾರಿಗಿಂತ ಹೆದರಿಕೆ ದೊಡ್ಡದಾಯಿತು. ವಿಷಲ್ಲನ್ನು ಬ್ಯಾಗಿನ ತಳಕ್ಕೆ ಹಾಕಿ ಜಿಪ್ ಎಳೆದೆ. ಮುಂದಿನ ಸೀಟಿನಲ್ಲಿ, ನನ್ನ ಜಾಗದಲ್ಲಿ, ಚಿತ್ರಾನ್ನದ ಡಬ್ಬಿ ಕೂತಿತು.

ಮಿಶಿಗನ್

ಮಾತು ಬೆಳ್ಳಿ, ಮೌನ ಬಂಗಾರ ಎಂದವರು ಯಾರೂ ಕಂಡಕ್ಟರ್ ಆಗಿದ್ದವರಲ್ಲ. ಬಾಯಿ ಮುಚ್ಚಿ ಕೂರುವುದು ಇಷ್ಟು ಕಷ್ಟದ ಕೆಲಸ ಎಂದು ನನಗೆ ಗೊತ್ತಿರಲಿಲ್ಲ. ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡು ಕೂತೆ. ಮುಂದೆ ಒಂದು ಕಾರು ಬ್ರೇಕ್ ಹಾಕಿದರೆ ನನ್ನ ಕಾಲು ನೆಲವನ್ನು ಒತ್ತುತ್ತದೆ. ಎಡಗಡೆ ಲಾರಿ ಬಂದರೆ ನನ್ನ ಭುಜ ಬಲಕ್ಕೆ ಸರಿಯುತ್ತದೆ. ಇಶಾ ನನ್ನನ್ನೇ ನೋಡಿ ನಗುತ್ತಿದ್ದಳು.

ಒಂದು ಅನುಕೂಲವಾಯಿತು. ಹಿಂದೆ ಕೂತ ಮೇಲೆ ಸ್ಮಿತಾಳ ಕತ್ತು ಕಾಣಿಸಿತು. ಜುಟ್ಟು ಎತ್ತಿ ಕಟ್ಟಿದ್ದಳು. ಕತ್ತಿನ ಎರಡು ನರಗಳು ತಂತಿಯ ಹಾಗೆ ಬಿಗಿದಿದ್ದವು, ಭುಜಗಳು ಕಿವಿಯ ಹತ್ತಿರ ಏರಿದ್ದವು. ಲೇನ್ ಬದಲಿಸಬೇಕಾದಾಗ ಆ ಕತ್ತು ಒಮ್ಮೆ ಖಾಲಿ ಸೀಟಿನ ಕಡೆ ತಿರುಗಿ, ಅಲ್ಲಿ ಚಿತ್ರಾನ್ನದ ಡಬ್ಬಿ ಕಂಡು, ಮತ್ತೆ ಮುಂದಕ್ಕೆ ತಿರುಗುತ್ತಿತ್ತು. ಆಮೇಲೆ ಕನ್ನಡಿ. ಆಮೇಲೆ ಭುಜದ ಮೇಲಿಂದ ಹಿಂದಕ್ಕೆ. ಆಮೇಲೆ ಗಾಡಿ ಸರಿಯುವುದು. ಪ್ರತಿ ಸಲವೂ ನಾನು ಕಣ್ಣು ಮುಚ್ಚಿಕೊಳ್ಳುತ್ತಿದ್ದೆ.

ಕಾಲಮಜೂ ಎಂಬ ಊರಿನ ಹತ್ತಿರ ರಸ್ತೆ ರಿಪೇರಿ. ಮೈಲುಗಟ್ಟಲೆ ಕಿತ್ತಳೆ ಬಣ್ಣದ ಡ್ರಮ್ಮುಗಳು. ಒಂದು ಕಡೆ ಸಿಮೆಂಟ್ ಗೋಡೆ, ಇನ್ನೊಂದು ಕಡೆ ಲಾರಿಗಳು, ಮಧ್ಯೆ ನಮ್ಮ ಗಾಡಿಗೆ ಅಂಗೈಯಗಲದ ಜಾಗ. ನಿಲ್ಲಿಸುವ ಹಾಗಿಲ್ಲ, ಹಿಂದೆ ಸಾಲುಗಟ್ಟಿ ಬರುತ್ತಿದ್ದಾರೆ. ಸ್ಮಿತಾಳ ಉಸಿರು ಜೋರಾಯಿತು. ನನ್ನವರೆಗೂ ಕೇಳುತ್ತಿತ್ತು. ಅದೇ ಹೊತ್ತಿಗೆ ತನ್ವಿ ನನ್ನ ಕೈ ಹಿಡಿದು, "ಅಜ್ಜಿ, ಮೈ ಟಮ್ಮಿ" ಎಂದಳು. ಅವಳ ತುಟಿ ಬಿಳಿಚಿಕೊಂಡಿತ್ತು.

ಅಮ್ಮಾ ಎಂದು ಅವಳು ಕೂಗಿದ್ದರೆ ಸ್ಮಿತಾ ತಿರುಗಿ ನೋಡುತ್ತಿದ್ದಳು. ಅಲ್ಲಿ ತಿರುಗಿ ನೋಡಿದರೆ ಒಂದೋ ಗೋಡೆ, ಇಲ್ಲ ಲಾರಿ. ನಾನು ಬಾಯ ಮೇಲೆ ಬೆರಳಿಟ್ಟು ಸುಮ್ಮನಿರು ಎಂದು ಸನ್ನೆ ಮಾಡಿದೆ. ವಾಂತಿ ಮಾಡುವವರ ವಿಷಯ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸೊಂಟದಲ್ಲಿ ಪ್ಲಾಸ್ಟಿಕ್ ಕವರ್ ಇಟ್ಟುಕೊಳ್ಳದೆ ನಾನು ಎಲ್ಲಿಗೂ ಹೊರಟವಳೇ ಅಲ್ಲ. ಕವರ್ ಬಿಚ್ಚಿ ಮಗುವಿನ ಗಲ್ಲದ ಕೆಳಗೆ ಹಿಡಿದೆ, ಹಣೆ ಒತ್ತಿ ಹಿಡಿದೆ, ಬ್ಯಾಗಿನಿಂದ ನಿಂಬೆಹಣ್ಣು ತೆಗೆದು ಉಗುರಿನಿಂದ ಗೀರಿ ಮೂಗಿಗೆ ಕೊಟ್ಟೆ. ಇಶಾ ತಾನಾಗಿಯೇ ನೀರಿನ ಬಾಟಲಿ ಮುಚ್ಚಳ ತೆಗೆದಳು. ಮೂವರೂ ಕಳ್ಳರ ಹಾಗೆ ಸದ್ದಿಲ್ಲದೆ ಕೆಲಸ ಮುಗಿಸಿದೆವು.

ಕವರಿಗೆ ಗಂಟು ಹಾಕುವಾಗ ಹೊಳೆಯಿತು. ಗಾಡಿ ಓಡಿಸುವವರಿಗೆ ದಾರಿ ಹೇಳುವುದು ನನ್ನ ಕೆಲಸ ಯಾವತ್ತೂ ಆಗಿರಲಿಲ್ಲ. ನನ್ನ ಕೆಲಸ ಪ್ಯಾಸೆಂಜರು.

ಡ್ರಮ್ಮುಗಳು ಮುಗಿದು ರಸ್ತೆ ಅಗಲವಾದಾಗ ಸ್ಮಿತಾ ಕೇಳಿದಳು. "ಏನ್ ವಾಸನೆ ಅದು?"

"ನಿಂಬೆಹಣ್ಣು," ಎಂದೆ. ನಾನು ಆಡಬಹುದಾದ ಮಾತು ಅದೊಂದೇ ಆಗಿತ್ತು.

"ಮಾಮ್, ತನ್ವಿ ಥ್ರೂ ಅಪ್ ಲೈಕ್ ಟೆನ್ ಮೈಲ್ಸ್ ಅಗೊ," ಎಂದಳು ಇಶಾ.

ಸ್ಮಿತಾ ಕನ್ನಡಿಯಲ್ಲಿ ನನ್ನನ್ನು ನೋಡಿದಳು. ಮಗು ನನ್ನ ತೋಳಿಗೊರಗಿ ನಿದ್ದೆ ಹೋಗಿತ್ತು. ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ ಅವಳ ಭುಜಗಳು ಕಿವಿಯಿಂದ ಒಂದಿಷ್ಟು ಕೆಳಗೆ ಇಳಿದಿದ್ದವು.

ಫಾರ್ಮಿಂಗ್ಟನ್ ಹಿಲ್ಸ್

ನಾವು ಇಳಿದುಕೊಂಡದ್ದು ನಜ್ಮಾಳ ಮನೆಯಲ್ಲಿ. ಅರಸೀಕೆರೆಯ ಹುಡುಗಿ, ಸ್ಮಿತಾಳ ಜೊತೆ ಹಾಸನದಲ್ಲಿ ಓದಿದವಳು. ಗಂಡ ಇಲ್ಲಿ ಡಾಕ್ಟರು. ಬಾಗಿಲು ತೆಗೆದವಳೇ, "ಆಂಟಿ, ನಿಮ್ಮ ಬಸ್ಸಲ್ಲಿ ನಾನು ಎಷ್ಟ್ ಸಲ ನಿಂತ್ಕೊಂಡ್ ಹೋಗಿದೀನಿ. ಒಂದ್ಸಲಾನೂ ಸೀಟ್ ಕೊಡ್ಸಿಲ್ಲ ನೀವು," ಎಂದಳು. ಬಸ್ಸಾರು, ಮುದ್ದೆ ಮಾಡಿಟ್ಟಿದ್ದಳು.

ಆ ಊರಿನಲ್ಲಿ ಮನೆ ಬಿಟ್ಟರೆ ಮನೆ, ಹುಲ್ಲು ಬಿಟ್ಟರೆ ಹುಲ್ಲು. ಉಪ್ಪು ತರಲೂ ಕಾರು ಬೇಕು. "ಇಲ್ಲಿ ಕಾಲು ಅಂದ್ರೆ ಕಾರೇ ಆಂಟಿ," ಎಂದಳು ನಜ್ಮಾ.

ಊಟದ ಮೇಲೆ ಸ್ಮಿತಾ ಹೇಳಿದಳು. "ನಾಳೆ ನೀವೆಲ್ಲ ನಜ್ಮಾ ಕಾರಲ್ಲಿ ಜೂಗೆ ಹೋಗಿ. ನಾನು ಒಬ್ಳೇ ಆಫೀಸ್‌ವರೆಗೂ ಹೋಗಿ, ಆಮೇಲೆ ಜೂಗೇ ಬರ್ತೀನಿ. ಸೋಮವಾರಕ್ಕೆ ದಾರಿ ಗೊತ್ತಾಗ್ಬೇಕಲ್ಲ."

ಒಬ್ಬಳೇ ಎಂದಾಗ ನನ್ನ ಬಾಯಿಗೆ ಬಂದ ಮಾತನ್ನು ಮುದ್ದೆಯ ಜೊತೆ ನುಂಗಿದೆ.

ಹಿಮಕರಡಿಯ ಕೆಳಗೆ

ಡೆಟ್ರಾಯ್ಟಿನ ಮೃಗಾಲಯ ಚೆನ್ನಾಗಿದೆ ಎಂದು ಎಲ್ಲರೂ ಹೇಳುತ್ತಾರೆ, ಇರಬೇಕು. ನಾನು ನೋಡಿದ್ದು ಅರ್ಧ. ಇಲ್ಲಿ ಮಕ್ಕಳನ್ನು ಪುಟ್ಟ ಕೆಂಪು ಎಳೆಗಾಡಿಯಲ್ಲಿ ಕೂರಿಸಿ ಅಪ್ಪ ಅಮ್ಮ ಎತ್ತಿನ ಹಾಗೆ ಎಳೆಯುತ್ತಾರೆ. ಜಿರಾಫೆಗೆ ಸೊಪ್ಪು ತಿನ್ನಿಸಲು ಉದ್ದನೆಯ ಸಾಲು. ನಮ್ಮ ಮೈಸೂರಿನ ಜಿರಾಫೆಯ ಮುಂದೆ ಇಷ್ಟೊತ್ತಿಗೆ ಯಾರಾದರೂ ಸೀಟಿ ಹೊಡೆದಿರುತ್ತಿದ್ದರು. ಇಲ್ಲಿ ಎಲ್ಲರೂ ಪಿಸುಮಾತು.

ಹಿಮಕರಡಿಯ ಕೊಳದ ತಳದಲ್ಲಿ ಗಾಜಿನ ಸುರಂಗವಿದೆ. ತಲೆಯ ಮೇಲೆ ನೀರು, ನೀರಿನಲ್ಲಿ ಕರಡಿ. ಅದರೊಳಗೆ ಕಾಲಿಟ್ಟಾಗ ನನ್ನ ಫೋನ್ ಬಡಿದುಕೊಂಡಿತು. ಪ್ರದೀಪ.

"ಚಿಕ್ಕಮ್ಮ, ಸ್ಮಿತಾ ನಿಮ್ಮ ಜೊತೆ ಇದಾಳಾ?"

ಇಲ್ಲ, ಒಬ್ಬಳೇ ಹೋಗಿದ್ದಾಳೆ ಎಂದೆ. ಅವನಿಗೆ ಗೊತ್ತಿತ್ತು. ಅವನ ಫೋನಿನಲ್ಲಿ ಅವಳ ಫೋನ್ ಎಲ್ಲಿದೆ ಎಂದು ಚುಕ್ಕೆಯಾಗಿ ಕಾಣುತ್ತದೆ.

"ಡಾಟ್ ಮೂವ್ ಆಗ್ತಿಲ್ಲ ಚಿಕ್ಕಮ್ಮ. ಆವಾಗಿಂದ ಒಂದೇ ಕಡೆ ನಿಂತಿದೆ. ಆಫೀಸ್ ಹತ್ರಾನೂ ಅಲ್ಲ, ಯಾವುದೋ ರೋಡ್ ಪಕ್ಕ. ಫೋನ್ ಎತ್ತಲ್ಲ."

ನಜ್ಮಾ ತನ್ನ ಫೋನಿನಿಂದ ಮಾಡಿದಳು. ರಿಂಗಾಗಿ ರಿಂಗಾಗಿ ನಿಂತಿತು. ಮತ್ತೆ ಮಾಡಿದಳು. ಮತ್ತೆ ನಿಂತಿತು. ಮಕ್ಕಳಿಗೆ ಗೊತ್ತಾಗಬಾರದು ಎಂದು ನಾನು ಗಾಜಿಗೆ ಒರಗಿ ನಿಂತೆ. ತಲೆಯ ಮೇಲೆ ಕರಡಿ ತನ್ನ ದೊಡ್ಡ ಅಂಗಾಲುಗಳನ್ನು ಗಾಜಿಗೆ ಒತ್ತಿ ನಿಂತಿತ್ತು. ಮಕ್ಕಳು ಕೇಕೆ ಹಾಕುತ್ತಿದ್ದರು. ನನಗೆ ಕಾಣುತ್ತಿದ್ದದ್ದು ಲಾರಿಯ ಹಲ್ಲುಹಲ್ಲಾದ ಮುಖ.

ಹೊತ್ತು ಮೀರಿ ಬಾರದ ಬಸ್ಸಿಗಾಗಿ ಡಿಪೋದಲ್ಲಿ ಕಾದದ್ದುಂಟು. ಆಗ ಯಾರಾದರೂ ಪಂಕ್ಚರ್ ಆಗಿರಬೇಕು ಎನ್ನುತ್ತಾರೆ, ಎಲ್ಲರೂ ಹೌದು ಹೌದು ಎನ್ನುತ್ತಾರೆ. ಇಲ್ಲಿ ನಜ್ಮಾ ಮೆಲ್ಲಗೆ, "ಫೋನ್ ಸೈಲೆಂಟ್ ಇರ್ಬೇಕು ಆಂಟಿ," ಎಂದಳು. ನಾನು ಹೌದು ಹೌದು ಎಂದೆ.

ಪ್ರದೀಪ ಮತ್ತೆ ಮಾಡಿದ. "ಇನ್ನ್ ಐದು ನಿಮಿಷ ನೋಡಿ ಪೊಲೀಸ್‌ಗೆ ಕಾಲ್ ಮಾಡ್ತೀನಿ. ನಾನು ಕಳಿಸ್ಬಾರ್ದಿತ್ತು." ನಿನ್ನೆ ದಿಬ್ಬದ ಮೇಲೆ ಒಂದು ಮಾತು ಹೇಳಿ ಅವಳನ್ನು ತಡೆಯಬಹುದಿತ್ತು. ನಾನು ತಡೆದಿರಲಿಲ್ಲ. ಊರಿನ ದೇವರುಗಳ ಹೆಸರನ್ನೆಲ್ಲ ಸಾಲಾಗಿ ಹೇಳಿಕೊಂಡೆ, ಕೆರೆಯ ಏರಿ ಮೇಲಿನ ಚೌಡಮ್ಮನನ್ನೂ ಬಿಡಲಿಲ್ಲ.

ಅಷ್ಟರಲ್ಲಿ ಆ ಚುಕ್ಕೆ ಅಲುಗಿತು ಎಂದ ಪ್ರದೀಪ. ಅಲುಗಿದ ಚುಕ್ಕೆಯೊಳಗೆ ಯಾರಿದ್ದಾರೆ, ಹೇಗಿದ್ದಾರೆ ಎಂದು ತಿಳಿಯುವುದು ಹೇಗೆ. ಮೃಗಾಲಯದ ಗೇಟಿನ ಹತ್ತಿರ ಬಂದು ನಿಂತೆವು. ಬಂದು ಹೋಗುವ, ನಮ್ಮದರಂಥ ಬೂದು ಬಣ್ಣದ ಗಾಡಿಯನ್ನೆಲ್ಲ ನೋಡಿ ನೋಡಿ ನನ್ನ ಕಣ್ಣು ಉರಿಯಿತು.

ಕೊನೆಗೆ ಸ್ಮಿತಾ ಪಾರ್ಕಿಂಗ್ ಜಾಗದಿಂದ ನಡೆದು ಬಂದಳು. ಕೈಯಲ್ಲಿ ಎಣ್ಣೆಯ ಕಲೆಯಾದ ದೊಡ್ಡ ಕಾಗದದ ಚೀಲ.

"ಎರಡು ಎಕ್ಸಿಟ್ ತಪ್ಪಿಸ್ಕೊಂಡೆ," ಎಂದಳು. "ಎಲ್ಲೆಲ್ಲೋ ಹೋಗಿ ತಿರುಗಿಸ್ಕೊಂಡು ಬಂದೆ. ಆಫೀಸ್ ಸಿಕ್ತು. ವಾಪಸ್ ಬರ್ತಾ ಸೇಬಿನ ರಸ ತೆಗೆಯೋ ಗಿರಣಿ ಒಂದು ಕಾಣಿಸ್ತು, ಮಕ್ಕಳಿಗೆ ಬಿಸಿ ಡೋನಟ್ ತಗೊಳ್ಳೋಣ ಅಂತ ನಿಲ್ಲಿಸ್ದೆ. ಏನ್ ಕ್ಯೂ ಅಂತೀಯ. ಫೋನ್ ಕಾರಲ್ಲೇ ಬಿಟ್ಟಿದ್ದೆ. ಯಾಕೆ, ಏನಾಯ್ತು?"

ಏನಾಯ್ತು ಅಂತೆ. ನಾನು ಎಲ್ಲರೆದುರು ಅವಳ ಬೆನ್ನಿಗೆ ಒಂದು ಗುದ್ದು ಕೊಟ್ಟೆ. "ನಿನ್ನ ಡೋನಟ್ಟಿಗೆ ಬೆಂಕಿ ಹಾಕ. ಇಲ್ಲಿ ಜೀವ ಕೈಯಲ್ಲಿ ಹಿಡ್ಕೊಂಡ್ ನಿಂತಿದೀವಿ." ಆಮೇಲೆ ಅವಳನ್ನು ತಬ್ಬಿಕೊಂಡು ಅತ್ತುಬಿಟ್ಟೆ. ಅಲ್ಲಿನವರು ದೂರ ಸರಿದು ಜಾಗ ಬಿಟ್ಟರು. ಪ್ರದೀಪನಿಗೆ ಫೋನಿನಲ್ಲಿ ಅವಳು ಇದನ್ನೆಲ್ಲ ಮತ್ತೆ ಹೇಳಬೇಕಾಯಿತು. ಅವನು ಬೈಯಲಿಲ್ಲ. "ನನಗೂ ಎರಡು ಎತ್ತಿಡು," ಎಂದನಂತೆ. ಡೋನಟ್ಟು ರುಚಿಯಾಗಿತ್ತು, ಏಲಕ್ಕಿ ಒಂದು ಬಿದ್ದಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು.

ಸೋಮವಾರ

ಬೆಳಿಗ್ಗೆ ಚಳಿಗೆ ಬಾಯಿಂದ ಹೊಗೆ ಬರುತ್ತಿತ್ತು. ಸ್ಮಿತಾ ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು, ಜುಟ್ಟು ಎತ್ತಿ ಕಟ್ಟಿ, ಗಾಡಿಯಲ್ಲಿ ಕೂತಳು. ಆಫೀಸಿನವರು ಬರಹೇಳಿದ್ದು ರಸ್ತೆಯ ತುಂಬ ಗಾಡಿಗಳಿರುವ ಹೊತ್ತಿಗೆ. ನಜ್ಮಾ ಬಾಗಿಲಿನಲ್ಲಿ, ನಾನು ಮತ್ತು ಮಕ್ಕಳು ಮನೆಯ ಮುಂದಿನ ಡ್ರೈವ್‌ವೇ ಪಕ್ಕ.

ಲೊಂಬಾರ್ಡಿನಲ್ಲಿ ಹೊರಡಲಾಗದೆ ಕೂತಿದ್ದಳಲ್ಲ, ಅದು ನೆನಪಾಯಿತು. ಇವತ್ತು ಒಂದು ಸಲಕ್ಕೆ ಊದಿದರೆ ತಪ್ಪಿಲ್ಲ ಎಂದುಕೊಂಡೆ. ಹೂಂ ಎನ್ನುವುದು ಬೇಡ ಎಂದಿದ್ದಳು, ವಿಷಲ್ ಬೇಡ ಎಂದಿರಲಿಲ್ಲ. ಬ್ಯಾಗಿನ ಜಿಪ್ ತೆಗೆದು ತಳದವರೆಗೆ ಕೈ ಹಾಕಿದೆ. ಕವರು, ನಿಂಬೆಹಣ್ಣು, ಮರಳು. ವಿಷಲ್ ಎಲ್ಲೋ ಸೇರಿಕೊಂಡಿತ್ತು. ಸಿಕ್ಕಿತು. ತುಟಿಗಿಟ್ಟೆ.

ಅಷ್ಟರಲ್ಲಿ ಅವಳ ಕತ್ತು ಎಡಕ್ಕೆ ತಿರುಗಿತು, ಬಲಕ್ಕೆ ತಿರುಗಿತು, ಭುಜದ ಮೇಲಿಂದ ಹಿಂದಕ್ಕೆ ನೋಡಿತು. ನನ್ನ ಕಡೆ ನೋಡಲಿಲ್ಲ. ಗಾಡಿ ಹಿಂದಕ್ಕೆ ಸರಿದು, ರಸ್ತೆಗಿಳಿದು, ಮೂಲೆಯ ಮರದ ಹತ್ತಿರ ಒಂದು ಕ್ಷಣ ನಿಂತು, ತಿರುಗಿ ಹೋಯಿತು.

ನಾನು ಊದುವ ಮೊದಲೇ ಬಸ್ಸು ಎತ್ತಿದ ಡ್ರೈವರುಗಳ ಮೇಲೆ ಡಿಪೋದಲ್ಲಿ ರಂಪ ಮಾಡಿದವಳು ನಾನು. ವಿಷಲ್ ತುಟಿಯಲ್ಲಿಟ್ಟುಕೊಂಡೇ ಖಾಲಿ ರಸ್ತೆ ನೋಡುತ್ತ ನಿಂತಿದ್ದೆ. ಇಶಾ ನನ್ನ ಸೆರಗು ಎಳೆದಳು.

"ಅಜ್ಜಿ, ಯು ಫರ್ಗಾಟ್ ಟು ಬ್ಲೋ ಇಟ್."

"ಮರೀಲಿಲ್ಲ ಕಣೆ," ಎಂದೆ. "ಗಾಡಿ ಕಾಯ್ಲಿಲ್ಲ."